ಉಪ್ಪು, ಮರಳು, ಕಬ್ಬಿಣದ ಪುಡಿ, ಕರ್ಪೂರ: ನಾಲ್ಕನ್ನೂ ಕೆಡಿಸದೆ ಬೇರೆ ಮಾಡುವ ಕ್ರಮ

ವಿಜ್ಞಾನ ಪ್ರದರ್ಶನ ಹತ್ತಿರ ಬಂತೆಂದರೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಹೈಸ್ಕೂಲು ಮಕ್ಕಳಿಂದ ನನಗೆ ಇವೇ ಮಾತು ಬರುತ್ತವೆ. "ಸರ್, ಕಬ್ಬಿಣ ತುಕ್ಕು ಹಿಡೀತು." "ಸರ್, ಹಾಕಿದ್ದಕ್ಕಿಂತ ಉಪ್ಪು ಜಾಸ್ತಿ ಬಂತು." "ಸರ್, ಕರ್ಪೂರ ಎಲ್ಲಿ ಹೋಯ್ತೋ ಗೊತ್ತಿಲ್ಲ." ಮೊದಲನೆಯದಕ್ಕೆ ಕಾರಣ ತಪ್ಪಿದ ಕ್ರಮ, ಎರಡನೆಯದಕ್ಕೆ ನಮ್ಮ ಸಮುದ್ರ, ಮೂರನೆಯದಕ್ಕೆ ಅವಸರ. ಪಾಠದಲ್ಲಿ ಅಯಸ್ಕಾಂತ, ಉತ್ಪತನ (ಗಟ್ಟಿ ವಸ್ತು ದ್ರವವಾಗದೆ ನೇರ ಆವಿಯಾಗುವುದು), ಸೋಸುವಿಕೆ, ಸ್ಫಟಿಕೀಕರಣ ಎಂದು ಒಂದೊಂದಾಗಿ ಕಲಿತಿರುತ್ತಾರೆ. ನಾಲ್ಕೂ ಒಂದೇ ಬಟ್ಟಲಲ್ಲಿ ಸೇರಿದಾಗ ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂಬಲ್ಲಿ ತಪ್ಪುತ್ತಾರೆ.

## ಮೊದಲು ಒಂದು ಪ್ರಶ್ನೆ

ಪ್ರತಿ ಹಂತ ಶುರು ಮಾಡುವ ಮುಂಚೆ ಹೀಗೆ ಕೇಳಿಕೊಳ್ಳಿ: ಈಗ ನಾನು ಮಾಡಹೊರಟ ಕೆಲಸ ಒಂದೇ ಒಂದು ಘಟಕವನ್ನು ಮುಟ್ಟುತ್ತದೆಯೇ? ಉಳಿದವು ಇದ್ದ ಹಾಗೇ ಇರುತ್ತವೆಯೇ?

ಅಯಸ್ಕಾಂತ ಹಿಡಿದರೆ ಕಬ್ಬಿಣ ಮಾತ್ರ ಏಳುತ್ತದೆ, ಉಳಿದ ಮೂರಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಅದು ಮೊದಲು. ಹಬೆಯ ಬಿಸಿಗೆ ಕರ್ಪೂರ ಮಾತ್ರ ಆವಿಯಾಗುತ್ತದೆ. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು, ಮರಳಿಗೆ ಅದಕ್ಕೂ ಹೆಚ್ಚು. ಅದು ಎರಡನೆಯದು. ನೀರು ಹಾಗಲ್ಲ. ಅದು ಉಪ್ಪನ್ನು ಕರಗಿಸುತ್ತದೆ, ಕಬ್ಬಿಣಕ್ಕೆ ತುಕ್ಕು ತರುತ್ತದೆ, ಮರಳನ್ನು ಒದ್ದೆ ಮಾಡುತ್ತದೆ, ಕರ್ಪೂರವನ್ನು ತೇಲಿಸುತ್ತದೆ. ಒಮ್ಮೆ ಸುರಿದರೆ ವಾಪಸ್ ತೆಗೆಯುವಂತಿಲ್ಲ. ಆದ್ದರಿಂದ ಒಣ ಕೆಲಸ ಎಲ್ಲ ಮುಗಿದ ಮೇಲೆಯೇ ನೀರು. ಈ ಬರಹದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

## ಬೇಕಾದ ಸಾಮಾನು

0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. 1 ಗ್ರಾಂ ಮಾತ್ರ ತೋರಿಸುವ ಅಡುಗೆಮನೆ ತಕ್ಕಡಿ ಈ ಕೆಲಸಕ್ಕೆ ಸಾಲುವುದಿಲ್ಲ, ಮೂರು ಗ್ರಾಂ ಕರ್ಪೂರದ ಲೆಕ್ಕ ಅದರಲ್ಲಿ ಹಿಡಿಯದು. ಹಳೇ ಸ್ಪೀಕರಿನ ಉಂಗುರದಂಥ ಅಯಸ್ಕಾಂತ ಒಳ್ಳೆಯದು, ಅಗಲವಾಗಿಯೂ ಇರುತ್ತದೆ, ಬಲವೂ ಸಾಕು. ಅದನ್ನು ಸುತ್ತಲು ತೆಳು ಪ್ಲಾಸ್ಟಿಕ್ ಕೊಟ್ಟೆ ಬೇಕು.

ಇವುಗಳ ಜೊತೆಗೆ ಆಳ ಕಡಿಮೆ ಇರುವ ಸ್ಟೀಲ್ ಬೋಗುಣಿ, ಅದರ ಬಾಯಿಗೆ ಸರಿಯಾಗಿ ಕೂರುವ ಸ್ಟೀಲ್ ತಟ್ಟೆ, ಬೋಗುಣಿ ಕೂರುವಷ್ಟು ಬಾಯಿಯ ಪಾತ್ರೆ, ಆಲಿಕೆ, ಫಿಲ್ಟರ್ ಪೇಪರ್, ಅಳತೆ ಜಾರು, ಎರಡು ಗಾಜಿನ ಲೋಟ, ಇಕ್ಕಳ, ಚಮಚ, ಬಿಳಿ ಹಾಳೆಗಳು. ಒಲೆ ಇಂಡಕ್ಷನ್ ಆಗಿದ್ದರೆ ಉತ್ತಮ. ಯಾಕೆ ಎನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ. ಫಿಲ್ಟರ್ ಪೇಪರ್ ಸಿಗದಿದ್ದರೆ ಹಳೇ ಮೆತ್ತನೆ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿಕೊಳ್ಳಬಹುದು, ಆದರೆ ಎರಡು ಸಲ ಸೋಸಬೇಕಾಗುತ್ತದೆ.

ಎಲ್ಲ ಪಾತ್ರೆಗಳ ಖಾಲಿ ತೂಕವನ್ನು ಮೊದಲೇ ತೂಗಿ, ಟೇಪಿನ ಮೇಲೆ ಬರೆದು ಹೊರಗೆ ಅಂಟಿಸಿ. ಕೊನೆಗೆ ಉಪ್ಪು ಅಂಟಿಕೊಂಡ ಬೋಗುಣಿ ಕೈಯಲ್ಲಿ ಹಿಡಿದು "ಖಾಲಿ ಇದ್ದಾಗ ಎಷ್ಟಿತ್ತು?" ಎಂದು ಮುಖ ನೋಡುವವರು ಪ್ರತಿ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ.

## ಹಂತ 1: ಮರಳನ್ನು ಮೊದಲು ಸ್ವಚ್ಛ ಮಾಡಿ

ಊರಿನ ಹೊರಗಿನವರಿಗೆ ಈ ಹಂತ ಬೇಡ, ನಮಗೆ ಬೇಕೇ ಬೇಕು. ಕಾರವಾರದ ಟಾಗೋರ್ ಬೀಚಿನಿಂದಲೋ ಮನೆಯ ಹಿಂದಿನ ದಂಡೆಯಿಂದಲೋ ಒಂದು ಮುಷ್ಟಿ ಮರಳು ತಂದು ನೇರವಾಗಿ ಮಿಶ್ರಣಕ್ಕೆ ಹಾಕುತ್ತಾರೆ. ಆ ಮರಳು ತಾನೇ ಒಂದು ಮಿಶ್ರಣ. ಅದರಲ್ಲಿ ಸಮುದ್ರದ ಉಪ್ಪಿದೆ, ಚಿಪ್ಪಿನ ಚೂರಿದೆ, ಮ್ಯಾಗ್ನೆಟೈಟ್, ಇಲ್ಮನೈಟ್‌ನಂಥ ಕಪ್ಪು ಖನಿಜದ ಕಣಗಳಿವೆ. ದಂಡೆಯ ಮೇಲೆ ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತದಲ್ಲ, ಅದೇ. ತೆರೆ ಹಗುರ ಮರಳನ್ನು ಎಳೆದೊಯ್ದು ಭಾರದ ಕಣಗಳನ್ನು ಹಿಂದೆ ಬಿಟ್ಟಿರುತ್ತದೆ. ಸಾಧಾರಣ ಬಿಳಿ ಮರಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂ ಆಸುಪಾಸು, ಮ್ಯಾಗ್ನೆಟೈಟಿನದು 5ಕ್ಕೂ ಹೆಚ್ಚು. ನಾವು ಮಾಡಹೊರಟ ಕೆಲಸವನ್ನು ಸಮುದ್ರ ದಿನಾ ಮಾಡುತ್ತಲೇ ಇದೆ.

ಒಂದು ಬಟ್ಟಲು ಮರಳನ್ನು ಚಹಾ ಜರಡಿಯಲ್ಲಿ ಹಾಯಿಸಿ ದೊಡ್ಡ ಚಿಪ್ಪು ತೆಗೆಯಿರಿ. ಆಮೇಲೆ ಅಕ್ಕಿ ಜಾಲಿಸಿದ ಹಾಗೆ ಸಿಹಿ ನೀರಿನಲ್ಲಿ ನಾಲ್ಕೈದು ಸಲ ತಿರುವಿ ತಿರುವಿ ತೊಳೆದು ನೀರು ಬಸಿಯಿರಿ. ಉಪ್ಪು ಹೋಯಿತೇ ಎಂದು ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಬೇಡ. ಕೊನೆಯ ತೊಳೆದ ನೀರಿನ ಒಂದು ಹನಿಯನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು ಒಣಗಿಸಿ. ಪಕ್ಕದಲ್ಲೇ ತೊಳೆಯಲು ಬಳಸಿದ ನೀರಿನದೂ ಒಂದು ಹನಿ ಇರಲಿ. ಒಣಗಿದ ಮೇಲೆ ಮೊದಲನೆಯದು ಎರಡನೆಯದಕ್ಕಿಂತ ದಟ್ಟ ಬಿಳಿ ಉಂಗುರ ಬಿಟ್ಟರೆ ಇನ್ನೂ ಉಪ್ಪಿದೆ ಎಂದರ್ಥ. ಎರಡು ಹನಿ ಯಾಕೆಂದರೆ, ಸಮುದ್ರದ ಹತ್ತಿರದ ಬಾವಿ ನೀರು ತಾನೇ ಉಂಗುರ ಬಿಡುತ್ತದೆ.

ಬಿಸಿಲಿಗೋ ಬಾಣಲೆಗೋ ಹಾಕಿ ಪೂರ್ತಿ ಒಣಗಿಸಿ, ಆರಿದ ಮೇಲೆ ಅಯಸ್ಕಾಂತ ಆಡಿಸಿ ಕಪ್ಪು ಕಣ ತೆಗೆಯಿರಿ. ನಮ್ಮ ಕಡೆಯ ಮರಳಾದರೆ ಮೊದಲ ಸಲಕ್ಕೇ ಅಯಸ್ಕಾಂತಕ್ಕೆ ಮೀಸೆ ಬಂದಿರುತ್ತದೆ! ಇದನ್ನು ಬಿಟ್ಟಿದ್ದರೆ ಕೊನೆಯಲ್ಲಿ ಕಬ್ಬಿಣದ ಲೆಕ್ಕ ಹೆಚ್ಚು ಬರುತ್ತಿತ್ತು. ಚಿಪ್ಪಿನ ಸಣ್ಣ ಚೂರು ಉಳಿದರೆ ಉಳಿಯಲಿ. ಅದನ್ನು ಕರಗಿಸಲು ಲಿಂಬೆ ರಸ, ವಿನೆಗರ್ ಹಾಕಬೇಡಿ. ಅದು ರಾಸಾಯನಿಕ ಕ್ರಿಯೆ, ನಮ್ಮ ಪ್ರಯೋಗ ಭೌತಿಕ ಗುಣಗಳದ್ದು.

## ಹಂತ 2: ತೂಗಿ ಬೆರೆಸುವುದು

20 ಗ್ರಾಂ ಮರಳು, 15 ಗ್ರಾಂ ಉಪ್ಪು, 10 ಗ್ರಾಂ ಕಬ್ಬಿಣದ ಪುಡಿ, 3 ಗ್ರಾಂ ಕರ್ಪೂರ. ಒಟ್ಟು 48 ಗ್ರಾಂ. ಒಂದೊಂದನ್ನೂ ಬೇರೆ ಬೇರೆ ತೂಗಿ ಬರೆದಿಟ್ಟ ಮೇಲೆಯೇ ಬೆರೆಸಿ.

ಕಬ್ಬಿಣದ ಪುಡಿಯನ್ನು ವೆಲ್ಡಿಂಗ್ ಅಂಗಡಿಯಿಂದ ತರುವವರು ಹೆಚ್ಚು. ಗ್ರೈಂಡರಿನ ಕೆಳಗೆ ಗುಡಿಸಿದ್ದರಲ್ಲಿ ಉಜ್ಜುವ ಚಕ್ರದ ಪುಡಿಯೂ ಇರುತ್ತದೆ, ಅದು ಅಯಸ್ಕಾಂತಕ್ಕೆ ಬರುವುದಿಲ್ಲ. ಹಾಗಾಗಿ ಅದನ್ನೂ ಮೊದಲು ಎರಡು ಮೂರು ಸಲ ಅಯಸ್ಕಾಂತದಿಂದ ಎತ್ತಿ, ಬಂದದ್ದನ್ನು ಮಾತ್ರ ಇಟ್ಟುಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಗೇಟು ಮಾಡುವ ಅಂಗಡಿಯ ಪುಡಿ ಬೇಡ, ಅದರಲ್ಲಿ ಬಹುಪಾಲು ಎದ್ದೇಳುವುದೇ ಇಲ್ಲ. ಎಣ್ಣೆ ಅಂಟಿದ ಪುಡಿಯೂ ಬೇಡ, ಮರಳನ್ನು ಅಂಟಿಸಿಕೊಂಡು ಬರುತ್ತದೆ.

ಉಪ್ಪಿಗೆ ಅಂಗಡಿಯ ಪುಡಿ ಉಪ್ಪು ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪೇ ಬೇಕು ಎಂದು ಹಟ ಇದ್ದರೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಅದರಲ್ಲಿ ಗದ್ದೆಯ ಮಣ್ಣು ಸೇರಿರುವುದರಿಂದ ಮೊದಲೇ ಕರಗಿಸಿ, ರಾತ್ರಿಯಿಡೀ ತಳಕ್ಕಿಳಿಯಲು ಬಿಟ್ಟು, ತಿಳಿಯನ್ನು ಬಸಿದು, ಮತ್ತೆ ಉಪ್ಪು ಮಾಡಿಕೊಂಡು ತೂಗಬೇಕು. ಊಟಕ್ಕೆ ನನಗೂ ಅದೇ ಇಷ್ಟ, ಪ್ರಯೋಗಕ್ಕೆ ಬೇಡ ಎನ್ನುತ್ತೇನೆ.

ಕರ್ಪೂರದ ಬಿಲ್ಲೆಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದು ಚೂರನ್ನು ಚಮಚದಲ್ಲಿಟ್ಟು ಹಬೆಯ ಮೇಲೆ ಹಿಡಿದು ನೋಡಿ. ಹಿಂದೆ ಏನೂ ಉಳಿಯದಿದ್ದರೆ ಆ ಪೊಟ್ಟಣ ಆದೀತು. ಕರ್ಪೂರವನ್ನು ಪುಡಿ ಮಾಡಿ ಕೊನೆಯಲ್ಲಿ, ಶುರು ಮಾಡುವ ಹೊತ್ತಿಗೇ ತೂಗಿ. ಹಿಂದಿನ ರಾತ್ರಿ ತೂಗಿ ಕಾಗದದಲ್ಲಿ ಕಟ್ಟಿಟ್ಟರೆ ಬೆಳಗಾಗುವುದರೊಳಗೆ ಒಂದಷ್ಟು ಗಾಳಿಗೆ ಹೋಗಿರುತ್ತದೆ. ಕರ್ಪೂರದ ಬದಲು ನುಸಿಗುಳಿಗೆ ಬಳಸಬೇಡಿ, ಅದರ ಆವಿ ಮೈಗೆ ಒಳ್ಳೆಯದಲ್ಲ. ನವಸಾಗರವೂ ಇಲ್ಲಿ ಬೇಡ. ಅದಕ್ಕೆ ಹಬೆಯ ಬಿಸಿ ಸಾಲದು, ಸ್ವಲ್ಪ ಉಳಿದರೂ ನೀರಿನಲ್ಲಿ ಉಪ್ಪಿನ ಜೊತೆ ಕರಗಿ ಸೇರಿಕೊಳ್ಳುತ್ತದೆ.

## ಹಂತ 3: ಕಬ್ಬಿಣ

ಮಿಶ್ರಣವನ್ನು ದೊಡ್ಡ ಬಿಳಿ ಹಾಳೆಯ ಮೇಲೆ ತೆಳ್ಳಗೆ ಹರಡಿ. ರಾಶಿ ಹಾಕಿ ಅಯಸ್ಕಾಂತ ತುರುಕಿದರೆ ಕಬ್ಬಿಣ ಏಳುವಾಗ ಮರಳನ್ನೂ ಉಪ್ಪನ್ನೂ ಎಳೆದುಕೊಂಡು ಬರುತ್ತದೆ.

ಅಯಸ್ಕಾಂತವನ್ನು ಕೊಟ್ಟೆಯೊಳಗಿಟ್ಟು, ಮಿಶ್ರಣದಿಂದ ಒಂದು ಸೆಂಟಿಮೀಟರ್ ಮೇಲೆ ನಿಧಾನವಾಗಿ ಆಡಿಸಿ. ಕಬ್ಬಿಣ ಜಿಗಿದು ಅಂಟುತ್ತದೆ. ಎತ್ತಿದ ಮೇಲೆ ಕೈಯನ್ನು ಬೆರಳಿನಿಂದ ಒಮ್ಮೆ ತಟ್ಟಿ, ಸಿಕ್ಕಿಕೊಂಡ ಮರಳು ಕೆಳಗೆ ಬೀಳಲಿ. ಇನ್ನೊಂದು ಹಾಳೆಯ ಮೇಲೆ ಹಿಡಿದು ಕೊಟ್ಟೆಯೊಳಗಿಂದ ಅಯಸ್ಕಾಂತವನ್ನು ಹೊರಗೆಳೆದರೆ ಪುಡಿ ಉದುರುತ್ತದೆ. ಕೊಟ್ಟೆ ಇಲ್ಲದೆ ನೇರವಾಗಿ ಮುಟ್ಟಿಸಿದ್ದರೆ ಕೈಯಿಂದ ಕೆರೆಯುತ್ತ ಕೂರಬೇಡಿ. ಕಲಸಿದ ಹಿಟ್ಟಿನ ಉಂಡೆಯನ್ನು ಒತ್ತಿದರೆ ಅಯಸ್ಕಾಂತ ಸ್ವಚ್ಛವಾಗುತ್ತದೆ, ಆದರೆ ಆ ಪುಡಿ ಲೆಕ್ಕಕ್ಕೆ ಹೋಯಿತು.

ಸಿಕ್ಕ ಕಬ್ಬಿಣವನ್ನು ಮತ್ತೆ ತೆಳ್ಳಗೆ ಹರಡಿ, ಈ ಸಲ ಸ್ವಲ್ಪ ಎತ್ತರದಿಂದ ಎತ್ತಿ. ಕೆಳಗೆ ಉಳಿದ ಬಿಳಿ ಕಣಗಳನ್ನು ಮೂಲ ಮಿಶ್ರಣಕ್ಕೆ ಸೇರಿಸಿ. ಇದನ್ನು ಬಿಡುವವರೇ ಜಾಸ್ತಿ. ಆ ಕಡೆ ಮೂಲ ಮಿಶ್ರಣವನ್ನೂ ತಿರುವಿ ಹಾಕಿ ಮತ್ತೆ ಮತ್ತೆ ಆಡಿಸಿ. ಸಾಲಾಗಿ ಮೂರು ಸಲ ಏನೂ ಅಂಟದಿದ್ದರೆ ಕಬ್ಬಿಣ ಮುಗಿಯಿತು. ಪುಡಿ ಊದಬೇಡಿ, ಕಣ್ಣಿಗೆ ಹಾರುತ್ತದೆ.

## ಹಂತ 4: ಕರ್ಪೂರ

ಅಪಾಯ ಇರುವುದು ಈ ಹಂತದಲ್ಲಿ. ಕರ್ಪೂರದ ಆವಿಗೆ ಬೆಂಕಿ ತಗುಲಿದರೆ ಭಗ್ ಎಂದು ಹತ್ತುತ್ತದೆ. ದೇವರ ಮುಂದೆ ದಿನಾ ನೋಡಿದ್ದನ್ನೇ ಪ್ರಯೋಗದ ಹೊತ್ತಿಗೆ ಮರೆಯುತ್ತೇವೆ. ಮೇಣದ ಬತ್ತಿ, ಸ್ಪಿರಿಟ್ ದೀಪ, ಗ್ಯಾಸ್ ಒಲೆಯ ಮೇಲೆ ನೇರವಾಗಿ ಬೋಗುಣಿ ಇಡುವುದು ಬೇಡ. ಇಂಡಕ್ಷನ್ ಒಲೆಯ ಮೇಲೆ ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಅದರ ಬಾಯಿಗೆ ಮಿಶ್ರಣದ ಬೋಗುಣಿ ಕೂರಿಸಿ. ಕಿಟಕಿ ತೆರೆದಿರಲಿ, ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಚಿಕ್ಕ ಮಕ್ಕಳ ಕೈಗೆ ಕರ್ಪೂರ ಸಿಗದ ಹಾಗೆ ನೋಡಿಕೊಳ್ಳಿ, ನುಂಗಿದರೆ ಅದು ವಿಷ.

ಬೋಗುಣಿಯ ಮೇಲೆ ಸ್ಟೀಲ್ ತಟ್ಟೆ ಮುಚ್ಚಿ, ತಟ್ಟೆಯೊಳಗೆ ತಣ್ಣೀರು ಅಥವಾ ಮಂಜುಗಡ್ಡೆ ಇಡಿ. ಮಿಶ್ರಣಕ್ಕೂ ತಟ್ಟೆಗೂ ನಡುವೆ ಎರಡು ಮೂರು ಸೆಂಟಿಮೀಟರ್ ಮಾತ್ರ ಇರಲಿ, ಅಂತರ ಹೆಚ್ಚಿದಷ್ಟೂ ತಡವಾಗುತ್ತದೆ. ಕರ್ಪೂರ ಆವಿಯಾಗಿ ಮೇಲೇರಿ, ತಣ್ಣನೆ ತಟ್ಟೆಯ ತಳಕ್ಕೆ ತಾಗಿ ನೇರವಾಗಿ ಗಟ್ಟಿಯಾಗುತ್ತದೆ. ಮೊದಲು ತಟ್ಟೆ ಮಂಜು ಕವಿದ ಹಾಗೆ ಮಬ್ಬಾಗಿ, ಆಮೇಲೆ ಅಲ್ಲಲ್ಲಿ ಹೊಳೆಯುವ ಎಳೆಗಳು ಕಾಣುತ್ತವೆ.

ಹತ್ತು ನಿಮಿಷಕ್ಕೊಮ್ಮೆ ಒಲೆ ಆರಿಸಿ, ತಟ್ಟೆಯನ್ನು ಅಡ್ಡಾದಿಡ್ಡಿ ಅಲ್ಲಾಡಿಸದೆ ಎತ್ತಿ, ಕೆಳಗಿನ ಬಿಳಿಯನ್ನು ಚಮಚದ ಅಂಚಿನಿಂದ ಕೆರೆದು ಮುಚ್ಚಳದ ಡಬ್ಬಿಗೆ ಹಾಕಿ. ಮಿಶ್ರಣವನ್ನು ಒಮ್ಮೆ ಕೆದಕಿ ಮತ್ತೆ ಮುಚ್ಚಿ. ಒಟ್ಟು ಒಂದರಿಂದ ಎರಡು ತಾಸು ಹಿಡಿಯಬಹುದು. ಬೇಗ ಆಗಲಿ ಎಂದು ಬಿಸಿ ಏರಿಸಿದವರ ಕರ್ಪೂರ ತಟ್ಟೆಯಲ್ಲಿ ನಿಲ್ಲದೆ ಸಂದಿಯಿಂದ ಹೊರಗೆ ಹೋಗುತ್ತದೆ. ಕೋಣೆಯೆಲ್ಲ ಘಮಘಮ ಎಂದರೆ ಪ್ರಯೋಗ ಚೆನ್ನಾಗಿ ನಡೆಯುತ್ತಿದೆ ಎಂದಲ್ಲ, ಸೋರುತ್ತಿದೆ ಎಂದು.

ಇನ್ನೆರಡು ಸೂಚನೆ. ತಟ್ಟೆಯ ಕೆಳಗೆ ನೀರಿನ ಹನಿ ಕಂಡರೆ ಪಾತ್ರೆಯ ಹಬೆ ಒಳಗೆ ನುಗ್ಗುತ್ತಿದೆ, ಬೋಗುಣಿ ಸರಿಯಾಗಿ ಕೂತಿಲ್ಲ. ಬೋಗುಣಿಯಲ್ಲಿ ಉಪ್ಪು ಚಟಚಟ ಸಿಡಿದರೆ ಬಿಸಿ ಅತಿಯಾಗಿದೆ, ಕೆಳಗಿನ ನೀರು ಬತ್ತಿತೇ ನೋಡಿ.

ಮುಗಿಯಿತೇ ಎಂದು ಮೂಗಿನಿಂದ ತಿಳಿಯಲು ಹೋಗಬೇಡಿ, ಎಳ್ಳಷ್ಟು ಉಳಿದರೂ ವಾಸನೆ ಬರುತ್ತದೆ. ತಟ್ಟೆ ಒರೆಸಿ, ಹೊಸ ಮಂಜುಗಡ್ಡೆ ಇಟ್ಟು ಹತ್ತು ನಿಮಿಷ ಮುಚ್ಚಿ. ತಳ ಮಬ್ಬಾಗದಿದ್ದರೆ ಸಾಕು.

## ಹಂತ 5: ಈಗ ನೀರು, ಆಮೇಲೆ ಸೋಸು

ಬೋಗುಣಿ ಪೂರ್ತಿ ಆರಲಿ. ಉಳಿದದ್ದು ಮರಳು ಮತ್ತು ಉಪ್ಪು ಮಾತ್ರ. ಲೋಟಕ್ಕೆ ಹಾಕಿ 60 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಸುರಿದು ಐದು ನಿಮಿಷ ಕಲಕಿ.

60 ಯಾಕೆ? ಕೋಣೆಯ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ನಮ್ಮ 15 ಗ್ರಾಮಿಗೆ 42 ಮಿಲಿಲೀಟರ್ ಸಾಕು, ಸ್ವಲ್ಪ ಹೆಚ್ಚಿಗೆ ಇರಲಿ ಎಂದು 60. ಮಕ್ಕಳು ಲೋಟ ತುಂಬ ನೀರು ಸುರಿದು, ಆಮೇಲೆ ಅದನ್ನೆಲ್ಲ ಆವಿ ಮಾಡುತ್ತ ಸಂಜೆವರೆಗೆ ಒಲೆ ಮುಂದೆ ಕೂರುತ್ತಾರೆ. ಬಿಸಿ ಮಾಡಿದರೆ ತುಂಬ ಜಾಸ್ತಿ ಕರಗುತ್ತದೆ ಎಂಬ ನಂಬಿಕೆಯೂ ಸಕ್ಕರೆಗೆ ಸರಿ, ಉಪ್ಪಿಗಲ್ಲ. ಕುದಿಯುವ ನೀರಿನಲ್ಲೂ ಉಪ್ಪು ಕರಗುವುದು 39 ಗ್ರಾಂ ಅಷ್ಟೆ.

ನೀರಿನ ಮೇಲೆ ಬಿಳಿ ಚೂರು ತೇಲಿ ಓಡಾಡಿದರೆ ಅದು ಉಳಿದ ಕರ್ಪೂರ. ಚಮಚದಲ್ಲಿ ಎತ್ತಿ ಒಣಗಿಸಿ ಡಬ್ಬಿಗೆ ಸೇರಿಸಿ. ನೀರು ಕೆಂಪು ಕಂದು ತಿರುಗಿದರೆ ಕಬ್ಬಿಣ ಉಳಿದುಹೋಗಿದೆ, ಮೂರನೇ ಹಂತದಲ್ಲಿ ಅವಸರ ಮಾಡಿದ್ದೀರಿ.

ಫಿಲ್ಟರ್ ಪೇಪರನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ, ಒಂದು ಕಡೆ ಮೂರು ಪದರ ಇನ್ನೊಂದು ಕಡೆ ಒಂದು ಪದರ ಬರುವಂತೆ ಬಿಡಿಸಿ ಆಲಿಕೆಯಲ್ಲಿ ಕೂರಿಸಿ, ನೀರು ಚಿಮುಕಿಸಿ ಗೋಡೆಗೆ ಅಂಟಿಸಿ. ಆಲಿಕೆಯ ಕೊಳವೆ ಕೆಳಗಿನ ಲೋಟದ ಗೋಡೆಗೆ ತಾಗಿರಲಿ, ನೀರು ಸಿಡಿಯದೆ ಬೇಗ ಇಳಿಯುತ್ತದೆ. ಮರಳು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮೊದಲು ಬಸಿಯಿರಿ, ಮರಳನ್ನು ಕೊನೆಗೆ ಜಾರಿಸಿ. ಮೊದಲೇ ಮರಳು ಬಿದ್ದರೆ ಕಾಗದದ ರಂಧ್ರ ಕಟ್ಟಿಕೊಳ್ಳುತ್ತದೆ. ನೀರಿನ ಮಟ್ಟ ಕಾಗದದ ಅಂಚಿಗಿಂತ ಒಂದು ಬೆರಳು ಕೆಳಗೇ ಇರಬೇಕು. ಕಾಗದವನ್ನು ಚಮಚದಿಂದ ಕೆದಕಬೇಡಿ, ಒದ್ದೆ ಕಾಗದ ಹರಿಯಲು ಅಷ್ಟೇ ಸಾಕು.

ಈಗ ಮರಳಿನ ಮೇಲೆ 10 ಮಿಲಿಲೀಟರ್ ನೀರನ್ನು ಎರಡು ಸಲ ಹಾಕಿ ತೊಳೆದು, ಅದನ್ನೂ ಅದೇ ಲೋಟಕ್ಕೆ ಹಿಡಿಯಿರಿ. ಈ ತೊಳೆತ ಬಿಟ್ಟರೆ ಮರಳಿನ ಒದ್ದೆಯಲ್ಲೇ ಉಪ್ಪು ಉಳಿದು, ಮರಳು ಹೆಚ್ಚು ಉಪ್ಪು ಕಡಿಮೆ ಎಂಬ ಲೆಕ್ಕ ಬರುತ್ತದೆ. ಸಾಕೋ ಇಲ್ಲವೋ ತಿಳಿಯಲು ಒಂದನೇ ಹಂತದ ಹನಿ ಪರೀಕ್ಷೆಯೇ ಇಲ್ಲೂ ಆಗುತ್ತದೆ.

## ಹಂತ 6: ಉಪ್ಪು

ದ್ರಾವಣವನ್ನು ಖಾಲಿ ತೂಕ ಬರೆದ ಬೋಗುಣಿಗೆ ಸುರಿದು ಸಣ್ಣ ಉರಿಯಲ್ಲಿಡಿ. ಮುಕ್ಕಾಲು ಭಾಗ ಹೋಗುವವರೆಗೆ ತೊಂದರೆ ಇಲ್ಲ. ಮೇಲೆ ಕೆನೆಯಂತೆ ತೆಳು ಪೊರೆ ಕಟ್ಟಲು ಶುರುವಾದರೆ ದ್ರಾವಣ ಪರ್ಯಾಪ್ತವಾಗಿದೆ, ಅಂದರೆ ಇನ್ನು ಹೆಚ್ಚು ಉಪ್ಪು ಅದರಲ್ಲಿ ಕರಗಿ ನಿಲ್ಲದು. ಇಲ್ಲಿಂದ ಜಾಗ್ರತೆ. ಗಂಜಿಯಂತೆ ದಪ್ಪಗಾದ ಉಪ್ಪು ಟಪ್ ಟಪ್ ಎಂದು ಹೊರಗೆ ಸಿಡಿಯುತ್ತದೆ, ಒಂದೊಂದು ಸಿಡಿತಕ್ಕೂ ತೂಕ ಕಡಿಮೆ. ಉರಿ ತೆಗೆದು ಬೋಗುಣಿಯನ್ನು ಮತ್ತೆ ಹಬೆಯ ಪಾತ್ರೆಯ ಮೇಲಿಡಿ, ಉಳಿದ ನೀರು ಅಲ್ಲೇ ಆರಲಿ.

ಪ್ರದರ್ಶನಕ್ಕೆ ಚಂದದ ಹರಳು ಬೇಕಿದ್ದರೆ ದಾರಿ ಬೇರೆ. ಪೊರೆ ಕಾಣುವ ಹೊತ್ತಿಗೇ ಒಲೆ ಆರಿಸಿ, ಅಗಲ ತಟ್ಟೆಗೆ ಸುರಿದು ಬಿಸಿಲಿಗಿಟ್ಟು ಬಿಡಿ. ಅಲ್ಲಾಡಿಸಬೇಡಿ. ಎರಡು ಮೂರು ದಿನಕ್ಕೆ ಚೌಕ ಹರಳು ಬರುತ್ತವೆ. ಜನವರಿಯಿಂದ ಮೇವರೆಗೆ ಇದು ಸುಲಭ, ಮಳೆಗಾಲದಲ್ಲಿ ಪ್ರಯತ್ನವನ್ನೇ ಮಾಡಬೇಡಿ.

## ಹಂತ 7: ಒಣಗಿಸುವುದು, ತೂಗುವುದು

ಒಂದು ಆಗಸ್ಟಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು 15 ಗ್ರಾಂ ಹಾಕಿ 17.2 ಗ್ರಾಂ ಉಪ್ಪು ತಂದಳು. ಬೀಚಿನ ಮರಳು ಬಳಸಿರಲಿಲ್ಲ, ಎಲ್ಲ ಕ್ರಮ ಸರಿಯಿತ್ತು. ಪೊಟ್ಟಣ ಮುಟ್ಟಿ ನೋಡಿದೆ, ತಣ್ಣಗೆ ಬೆವರಿತ್ತು. ಹಿಂದಿನ ಸಂಜೆ ಒಣಗಿಸಿ ಕಾಗದದಲ್ಲಿ ಕಟ್ಟಿಟ್ಟಿದ್ದಳಂತೆ.

ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಶುದ್ಧ ಉಪ್ಪೂ ನೀರು ಎಳೆದುಕೊಳ್ಳುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಸೇರಿದ ಸಮುದ್ರದ ಉಪ್ಪಾದರೆ ಅದಕ್ಕೂ ಮೊದಲೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಆ ಗೆರೆ ದಾಟದ ದಿನ ಅಪರೂಪ. ಅಡುಗೆಮನೆಯ ಉಪ್ಪಿನ ಮರಿಗೆಯ ಕೆಳಗೆ ನೀರು ಜಿನುಗುವುದೂ ಇದರಿಂದಲೇ.

ಆದ್ದರಿಂದ ಒಣಗಿಸಿದ ಉಪ್ಪನ್ನು ಬೋಗುಣಿ ಸಮೇತ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ ಮುಚ್ಚಿ ಆರಿಸಿ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ. ಆರಿದ ಕೂಡಲೇ ತೆಗೆದು ಒಂದೇ ನಿಮಿಷದೊಳಗೆ ತೂಗಿ. ಬಿಸಿ ಇರುವಾಗ ತೂಗಬೇಡಿ, ಬಿಸಿ ಪಾತ್ರೆಯ ಸುತ್ತ ಗಾಳಿ ಮೇಲೇಳುವುದರಿಂದ ಅಂಕಿ ನಿಲ್ಲುವುದಿಲ್ಲ, ತಕ್ಕಡಿಯೂ ಕೆಡುತ್ತದೆ. ಮತ್ತೆ ಹತ್ತು ನಿಮಿಷ ಬಿಸಿ ಮಾಡಿ, ಆರಿಸಿ, ತೂಗಿ. ಎರಡು ಸಲದ ತೂಕಕ್ಕೆ 0.1 ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಉಪ್ಪು ಒಣಗಿದೆ. ಮರಳಿಗೂ ಇದೇ ವಿಧಾನ.

ಲೆಕ್ಕ ಸರಳ. ಸಿಕ್ಕ ತೂಕವನ್ನು ಹಾಕಿದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. ಹಾಕಿದ 15ಕ್ಕೆ 14.4 ಗ್ರಾಂ ಉಪ್ಪು ಬಂದರೆ ಶೇಕಡಾ 96. ಯಾವುದಾದರೂ ನೂರು ದಾಟಿದರೆ ಖುಷಿ ಪಡಬೇಡಿ, ಒಂದೋ ಒದ್ದೆ ಇದೆ, ಇಲ್ಲವೇ ಪಕ್ಕದವನು ಸೇರಿಕೊಂಡಿದ್ದಾನೆ. ಕರ್ಪೂರ ಪೂರ್ತಿ ಯಾರಿಗೂ ಸಿಗುವುದಿಲ್ಲ, ನನಗೆ 3 ಗ್ರಾಮಿಗೆ 2 ಬಂದರೆ ಸಮಾಧಾನ. ಅದನ್ನು 2.9 ಎಂದು ಬರೆದ ವರದಿ ಕಂಡರೆ ನಾನು ಮೊದಲು ನೋಡುವುದು ಅಂಕಿ ತಿದ್ದಿದ ಗುರುತು ಇದೆಯೇ ಎಂದು.

## ತೆಂಗಿನ ಎಣ್ಣೆಯೂ ಸೇರಿದ್ದರೆ

ಕೆಲವು ಕಡೆ ಉಪ್ಪುನೀರಿಗೆ ತೆಂಗಿನ ಎಣ್ಣೆ ಸೇರಿಸಿ ಕೊಡುತ್ತಾರೆ. ಎಣ್ಣೆ ಹಗುರ, ಮೇಲೆ ನಿಲ್ಲುತ್ತದೆ. ಬೇರ್ಪಡಿಸುವ ಆಲಿಕೆ ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಬೆರಳಿನಿಂದ ಮುಚ್ಚಿ ತಲೆಕೆಳಗಾಗಿ ಹಿಡಿದು, ಅರ್ಧ ತಾಸು ಬಿಟ್ಟು, ಕೆಳಗಿನ ನೀರನ್ನು ಇಳಿಸಿ. ಎಣ್ಣೆ ತೂತಿನ ಹತ್ತಿರ ಬಂದಾಗ ನಿಲ್ಲಿಸಿ, ನಡುವಿನ ಒಂದಷ್ಟನ್ನು ಬೇರೆ ಲೋಟಕ್ಕೆ ಬಿಡಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಫ್ರಿಜ್. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಉಪ್ಪುನೀರು ಫ್ರಿಜ್ಜಿನಲ್ಲೂ ನೀರಾಗಿಯೇ ಇರುತ್ತದೆ. ಒಂದೆರಡು ತಾಸು ಇಟ್ಟರೆ ಎಣ್ಣೆಯನ್ನು ದೋಸೆ ಎತ್ತಿದ ಹಾಗೆ ಎತ್ತಬಹುದು. ಶಿರಸಿ ಕಡೆಯವರಿಗೆ ಡಿಸೆಂಬರ್ ಬೆಳಗ್ಗೆ ಫ್ರಿಜ್ಜೂ ಬೇಡ.

## ಮುಗಿದ ಮೇಲೆ

ಕಬ್ಬಿಣದ ಪುಡಿಯನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಕೂತು ತುಕ್ಕಾಗಿ ಗಟ್ಟಿಯಾಗುತ್ತದೆ. ಒಣ ಡಬ್ಬಿಯಲ್ಲಿ ಹಾಕಿ ಮುಂದಿನ ವರ್ಷಕ್ಕಿಡಿ. ಕರ್ಪೂರದ ಡಬ್ಬಿಯನ್ನು ಒಲೆಯಿಂದ ದೂರವಿಡಿ. ಬೋಗುಣಿ, ತಟ್ಟೆ, ಚಮಚವನ್ನು ಅಡುಗೆಗೆ ವಾಪಸ್ ಕೊಡದೆ ಪ್ರಯೋಗಕ್ಕೇ ಮೀಸಲಿಡಿ. ಕೊನೆಯಲ್ಲಿ ಸಿಕ್ಕ ಉಪ್ಪು ಎಷ್ಟೇ ಬೆಳ್ಳಗಿದ್ದರೂ ಊಟಕ್ಕಲ್ಲ. ಅದು ಕಬ್ಬಿಣ, ಕರ್ಪೂರ ಎರಡರ ಜೊತೆಗೂ ಇದ್ದು ಬಂದದ್ದು, ಗೋಡೆ ಬದಿಯ ಕಳೆಗೆ ಸುರಿದುಬಿಡಿ.